‘ಗ್ರೌಂಡ್ ಲೂಪ್’ ಅನ್ನು ಲಾಗ ಎನ್ನಬಹುದೇ?

ಎರಡನೆಯ ಮಹಾಯುದ್ಧದ ಕಾಲದ ಯುದ್ಧವಿಮಾನ ತರಬೇತಿಯ ಮೇಲೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಶತ್ರುವಿನ ಮುಖ ನೋಡುವ ಮೊದಲೇ ತೀರಿಕೊಂಡ ಹುಡುಗರ ಕಥೆ ಅದು. ಅಮೆರಿಕದ ಸೇನಾ ವಾಯುಪಡೆಯೊಂದರಲ್ಲೇ, ಬಾಂಬರ್ ವಿಮಾನಗಳವರೂ ಸೇರಿ, ಸ್ವದೇಶದ ನೆಲದಲ್ಲಿಯೇ ಸುಮಾರು 15,000 ಮಂದಿ ಅಪಘಾತಗಳಲ್ಲಿ ಸತ್ತರು. ಬರೆಯಲು ವಿಷಯಕ್ಕೇನೂ ಕೊರತೆಯಿಲ್ಲ, ಕೆಲವು ಪದಗಳು ಮಾತ್ರ ಕಾಲಿಗೆ ತೊಡರುತ್ತಿವೆ.

ಹೆಚ್ಚು ಕಾಡುತ್ತಿರುವುದು ‘ಗ್ರೌಂಡ್ ಲೂಪ್’. ವಿಮಾನ ಆಕಾಶದಲ್ಲಿ ಹಾಕುವ ಲೂಪ್‌ಗೆ ‘ಲಾಗ’ ಎಂದೇ ಬರೆದಿದ್ದೇನೆ. ತಲೆಕೆಳಗಾಗಿ ಸುತ್ತಿ ಮತ್ತೆ ನೆಟ್ಟಗಾಗುವುದಕ್ಕೆ ಅದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಅದೇ ಧಾಟಿಯಲ್ಲಿ ‘ನೆಲಲಾಗ’ ಎಂದುಬಿಟ್ಟರೆ ಅನರ್ಥವಾಗುತ್ತದೆ. ಇಲ್ಲಿ ವಿಮಾನ ಲಾಗ ಹಾಕುವುದಿಲ್ಲ. ನೆಲದ ಮೇಲೆ ಓಡುತ್ತಿರುವಾಗಲೇ ಬಾಲವನ್ನು ಪಕ್ಕಕ್ಕೆ ಬೀಸಿ ಗಿರ್ರನೆ ತಿರುಗಿಬಿಡುತ್ತದೆ. ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ, ಚಕ್ರದ ಕಾಲು ಮುರಿಯುತ್ತದೆ. ಆ ಕಾಲದ ಬಹುಪಾಲು ಯುದ್ಧವಿಮಾನಗಳಿಗೆ ಮುಂದೆ ಎರಡು ದೊಡ್ಡ ಚಕ್ರ, ಬಾಲದಡಿ ಒಂದು ಪುಟ್ಟ ಚಕ್ರ. ಭಾರದ ಕೇಂದ್ರ ದೊಡ್ಡ ಚಕ್ರಗಳ ಹಿಂದೆ ಇರುತ್ತಿತ್ತು. ಓಟ ತುಸು ಓರೆಯಾದರೆ ಸಾಕು, ಹಿಂದಿನ ಭಾರ ಮುಂದಕ್ಕೆ ನುಗ್ಗಲು ನೋಡುತ್ತಿತ್ತು. ಹಾರ್ವರ್ಡ್ ತರಬೇತಿ ವಿಮಾನ ಈ ಚಾಳಿಗೆ ಹೆಸರಾಗಿತ್ತು. ಜರ್ಮನಿಯ ಮೆಸರ್‌ಶ್ಮಿಟ್ 109ರ ಕಾಲುಗಳ ನಡುವೆ ಅಂತರ ಕಡಿಮೆ, ಹಾಗಾಗಿ ಅದು ಹೊಸಬರಿಗೆ ಯಮನೇ. ಬ್ರಿಟನ್ನಿನ ಸ್ಪಿಟ್‌ಫೈರ್‌ನ ಕಾಲುಗಳೂ ಒತ್ತೊತ್ತಾಗಿದ್ದವು. ಬ್ರಿಟನ್ನಿನದೇ ಆದ, ಅಗಲ ಕಾಲಿನ ಹರಿಕೇನ್ ಮಾತ್ರ ಕಲಿಯುವವರ ತಪ್ಪುಗಳನ್ನು ಅಷ್ಟಿಷ್ಟು ತಾಳಿಕೊಳ್ಳುತ್ತಿತ್ತು.

‘ನೆಲಗಿರಕಿ’ ಎನ್ನೋಣವೆಂದರೆ, ಗಿರಕಿಯನ್ನು ಆಗಲೇ ‘ಸ್ಪಿನ್’ಗೆ ಕೊಟ್ಟು ಕೈ ತೊಳೆದುಕೊಂಡಿದ್ದೇನೆ. ಮೂಗು ಕೆಳಗೆ ಮಾಡಿಕೊಂಡು ಬುಗುರಿಯಂತೆ ಸುತ್ತುತ್ತ ಬೀಳುವುದು ಅದು.

ಇನ್ನು ‘ಸ್ಟಾಲ್’. ‘ಸ್ಥಗಿತ’ ಎಂದು ಬರೆದರೆ ಓದುವವರು ಎಂಜಿನ್ ನಿಂತಿತೆಂದು ತಿಳಿಯುತ್ತಾರೆ. ಎಂಜಿನ್‌ಗೂ ಇದಕ್ಕೂ ಸಂಬಂಧವಿಲ್ಲ. ಎದುರು ಬರುವ ಗಾಳಿಗೆ ರೆಕ್ಕೆ ಸುಮಾರು 15 ಡಿಗ್ರಿಗಿಂತ ಹೆಚ್ಚು ಸೆಟೆದುಕೊಂಡಾಗ ಗಾಳಿ ಅದರ ಮೈಬಿಟ್ಟು ಚದುರುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇಳಿಯುವ ಮುನ್ನದ ಕೊನೆಯ ತಿರುವಿನಲ್ಲಿ ಎಷ್ಟೋ ಹುಡುಗರು ಸತ್ತದ್ದು ಹೀಗೆಯೇ. ರನ್‌ವೇ ಪಕ್ಕಕ್ಕೆ ಜಾರುತ್ತಿದೆ ಎನ್ನಿಸಿ ತಿರುವನ್ನು ಬಿಗಿಗೊಳಿಸಿದರು, ತಿರುವಿನ ಒಳಬದಿಯ ರೆಕ್ಕೆ ಕೈಕೊಟ್ಟಿತು, ಗಿರಕಿಯಿಂದ ಬಿಡಿಸಿಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ. ಕಾಲು ಸೋತಿತು, ದನಿ ಸೋತಿತು ಎನ್ನುತ್ತೇವಲ್ಲ, ಹಾಗೆಯೇ ‘ರೆಕ್ಕೆ ಸೋತಿತು’ ಎಂದು ಬರೆದು ನೋಡಿದೆ. ‘ಎಂಜಿನ್ ಆರ್ಭಟಿಸುತ್ತಲೇ ಇತ್ತು, ರೆಕ್ಕೆ ಸೋತಿತ್ತು.’ ನನ್ನ ಕಿವಿಗೆ ಹಿತವಾಗಿದೆ. ಪಾರಿಭಾಷಿಕವಾಗಿ ಇದು ನಿಲ್ಲುತ್ತದೆಯೇ? ರೆಕ್ಕೆ ಸೋಲುವ ಆ ಕೋನಕ್ಕೆ ‘ಸೋಲುಕೋನ’ ಎಂಬ ಸಮಾಸವನ್ನು ಒಪ್ಪುವಿರಾ?

‘ಬ್ಲ್ಯಾಕ್ಔಟ್’ ವಿಷಯದಲ್ಲಿ ಮಾತ್ರ ಕನ್ನಡವೇ ಗೆದ್ದಿದೆ. ನೆಲದತ್ತ ಧುಮುಕುತ್ತಿರುವ ವಿಮಾನವನ್ನು ಸರಕ್ಕನೆ ಮೇಲೆತ್ತುವಾಗ ರಕ್ತ ಕೆಳಗಿಳಿದು ಮೊದಲು ಹೋಗುವುದು ದೃಷ್ಟಿ. ಪ್ರಜ್ಞೆ ಇನ್ನೂ ಇರುತ್ತದೆ. ಪ್ರಜ್ಞೆ ತಪ್ಪುವುದು ಆಮೇಲಿನ ಹಂತ. ‘ಕಣ್ಣು ಕತ್ತಲೆ ಬಂತು’ ಮತ್ತು ‘ಎಚ್ಚರ ತಪ್ಪಿತು’ ಎಂದು ನಮ್ಮ ಅಜ್ಜಿಯರು ಎಂದೋ ಬೇರೆ ಬೇರೆ ಮಾಡಿ ಹೇಳಿದ್ದಾರೆ. ‘ವಾಶ್ಔಟ್’ ಆದ ಕ್ಯಾಡೆಟ್ ಎಂದರೆ ನಪಾಸಾಗಿ ಹೊರಬಿದ್ದವನು, ಅಷ್ಟೆ. ಅದಕ್ಕೆ ಹೊಸ ಪದ ಬೇಡ.

ಮತ್ತೆ ಗ್ರೌಂಡ್ ಲೂಪ್‌ಗೆ ಬರುತ್ತೇನೆ. ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವಾಗ ಟ್ರೇಲರ್ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಒಳಗಿನ ಕಾರಣ ಹೆಚ್ಚುಕಡಿಮೆ ಒಂದೇ: ತಳ್ಳಿಸಿಕೊಳ್ಳುವ ಭಾರಕ್ಕೆ ನೇರ ದಾರಿ ಒಗ್ಗುವುದಿಲ್ಲ. ಇದಕ್ಕೆ ಚಾಲಕರ ಬಾಯಲ್ಲಿ ಯಾವ ಪದವಿದೆ? ಮಂಡ್ಯದ ಕಡೆಯವರೂ ಧಾರವಾಡದ ಕಡೆಯವರೂ ತಮ್ಮ ತಮ್ಮ ಊರಿನ ಮಾತನ್ನು ತಿಳಿಸಿದರೆ ಉಪಕಾರ. ಇನ್ನೊಂದು ಆಸೆ. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಯುದ್ಧದ ನಡುವೆ ಅಮೆರಿಕದ ವಿಮಾನಗಳು ದುರಸ್ತಿಯಾಗುತ್ತಿದ್ದವು. ಕಾಲು ಮುರಿದುಕೊಂಡು ಬಂದ ವಿಮಾನವನ್ನು ಅಲ್ಲಿನ ಕನ್ನಡ ಕೆಲಸಗಾರರು ಏನೆಂದು ಕರೆಯುತ್ತಿದ್ದರು? ಅಂಥ ಮನೆಗಳವರು ಯಾರಾದರೂ ಇಲ್ಲಿದ್ದರೆ, ಅಪ್ಪನೋ ಅಜ್ಜನೋ ಆಡುತ್ತಿದ್ದ ಒಂದು ಪದವಾದರೂ ನೆನಪಿದ್ದರೆ ದಯವಿಟ್ಟು ಬರೆಯಿರಿ.