ರಾಮ್ಸರ್ ಅಂದರೆ ಯಾವ ಸರ್?

ಸೋಮವಾರ ಬೆಳಿಗ್ಗೆ ಆರೂವರೆಗೆ ಕಲಬುರಗಿಯ ನಮ್ಮ ಮನೆಮಂದಿ ಗ್ರೂಪಿಗೆ ಶಿವಶರಣಪ್ಪ ಕಾಕಾ ಒಂದು ಫಾರ್ವರ್ಡ್ ಬಿಟ್ಟರು. 'ಕುಮಟಾದ ಅಘನಾಶಿನಿ ಅಳಿವೆ ಇರಾನ್ ಪಾಲು! ಇನ್ನು ಮೀನು ಹಿಡಿದರೆ ಜೈಲು! ಹತ್ತು ಮಂದಿಗೆ ಕಳಿಸಿ.' ಕೆಳಗೆ ತಾವೇ ಸೇರಿಸಿದ್ದರು: 'ಶೈಲಾ, ಇದ್ದದ್ದು ಮಾರಿ ಊರಿಗೆ ಬಂದುಬಿಡವ್ವಾ.'

ಶೈಲಕ್ಕನನ್ನು ಕೊಟ್ಟದ್ದು ನದಿ ಕಡಲು ಸೇರುವ ಆ ಅಳಿವೆ ಪಕ್ಕದ ಊರಿಗೇ. ಕೊಟ್ಟದ್ದೇನು, ಅವಳೇ ಮೆಚ್ಚಿ ಹೋದದ್ದು.

'ಕಾಕಾ, ಇದು ಎಲ್ಲಿ ಬಂದಿದೆ? ಲಿಂಕ್ ಕೊಡಿ' ಅಂದ ಬಸವರಾಜ. ಲಗ್ನಪತ್ರಿಕೆ ಬಂದರೂ ಲಿಂಕ್ ಕೇಳುವವನು. ಆಮೇಲೆ ತಾನೇ ಬರೆದ: 'ಜೌಗು ಪ್ರದೇಶಗಳನ್ನು ಉಳಿಸುವ ಒಪ್ಪಂದ 1971ರಲ್ಲಿ ಇರಾನಿನ ರಾಮ್ಸರ್ ಅನ್ನುವ ಊರಲ್ಲಿ ಆಯಿತು. ಉಳಿಸಬೇಕಾದ ಜಾಗಗಳ ಪಟ್ಟಿಗೆ ಆ ಊರಿನ ಹೆಸರು, ಅಷ್ಟೇ. 2024ರಲ್ಲಿ ಅಘನಾಶಿನಿ ಅದಕ್ಕೆ ಸೇರಿತು, ಗದಗದ ಮಾಗಡಿ ಕೆರೆಯೂ ಸೇರಿತು. ಜಾಗ ನಮ್ಮದೇ. ರಂಗನತಿಟ್ಟು 2022ರಿಂದ ಪಟ್ಟಿಯಲ್ಲಿದೆ. ಅಲ್ಲಿ ಇರಾನಿನವರು ದೋಣಿ ಟಿಕೆಟ್ ಹರಿಯುತ್ತಿದ್ದಾರಾ?'

ಓದಿದವರು ಯಾರು! ಮಹಾಂತೇಶನಿಗೆ ಕಂಡದ್ದು ಒಂದೇ ಪದ. 'ರಾಮ್ ಸರ್ ಅಂದರೆ ಏಳನೇ ಇಯತ್ತೆಗೆ ಗಣಿತ ಹೇಳುತ್ತಿದ್ದವರಾ? ಕ್ಲಾಸ್ ತಪ್ಪಿಸಿ ನಮ್ಮೂರ ಅಪ್ಪನ ಕೆರೆಗೆ ಹೋಗಿ ಸಿಕ್ಕಿಬಿದ್ದಿದ್ದೆವಲ್ಲ!' ಅಲ್ಲಿಂದ ಕೆರೆ, ಜಾತ್ರೆ, ಮಾಲ್ಪುರಿ ಅಂತ ಇಪ್ಪತ್ತು ಮೆಸೇಜ್.

ಎಂಟಕ್ಕೆ ಶೈಲಕ್ಕನ ಫೋಟೋ ಬಂತು. ಅಂಗೈ ಮೇಲೆ ನಾಲ್ಕು ಬಳಚು, ಕರಾವಳಿಯವರು ತಿನ್ನುವ ಚಿಪ್ಪುಜೀವಿ. ಬೆರಳ ಸಂದಿಯಲ್ಲಿ ಕೆಸರು. ಒಂದರ ಚಿಪ್ಪು ಚೂರೇ ಬಾಯಿ ತೆರೆದಿತ್ತು.

'ನೀರು ಇಳಿದಾಗ ನಮ್ಮತ್ತೆ ಆರಿಸಿ ತಂದದ್ದು. ಯಾರೂ ಜೈಲಿಗೆ ಹಾಕಿಲ್ಲ. ಅಳಿವೆಯ ಉಪ್ಪುನೀರು ಬರುವ ಗಜನಿ ಗದ್ದೆಯಲ್ಲಿ ಅದನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನೂ ಬೆಳೆಯುತ್ತಾರೆ. ನಮ್ಮ ಹೆದರಿಕೆ ಬೇರೆ. ಮರಳು ಬಗೆದರೆ ಬಳಚು ಎಲ್ಲಿರಬೇಕು? ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ ಕಡಿದರೆ ಮೀನಿನ ಮರಿ ಎಲ್ಲಿ ಅಡಗಬೇಕು?'

ಕಾಕಾ: 'ಸೋಮವಾರ ಇದೆ. ಲಿಂಗ ಕಟ್ಟಿಕೊಂಡವರ ಗ್ರೂಪಿನಲ್ಲಿ ಇಂಥ ಫೋಟೋ ಹಾಕಬೇಕಾ? ಸಂಸ್ಕಾರ ಅಂತ ಒಂದಿರುತ್ತದೆ.'

'ಜೈಲಿಲ್ಲ ಅಂತ ತೋರಿಸೋಕೆ ಹಾಕಿದೆ ಕಾಕಾ.'

ಕಾಕಿ: 'ಲಗ್ನದ ಹೊತ್ತಿಗೇ ಹೇಳಿದ್ದೆವು.'

'ಯಾವಾಗ ಹೇಳಿದಿರಿ ಕಾಕಿ? ನೀವು ಲಗ್ನಕ್ಕೇ ಬಂದಿರಲಿಲ್ಲ.'

ಆಮೇಲೆ ಅರ್ಧ ಗಂಟೆ ಯಾರೂ ಟೈಪ್ ಮಾಡಲಿಲ್ಲ. ಮಹಾಂತೇಶ ಮಾತ್ರ ಒಂದು ಮಾಲ್ಪುರಿ ಫೋಟೋ ಹಾಕಿ ತೆಗೆದ.

ಅಡ್ಮಿನ್ ನಾನು. ಕಾಕಾ ಫೋನ್ ಮಾಡಿ ಬಳಚಿನ ಫೋಟೋ ಅಳಿಸಲು ಹೇಳಿದರು. ಅಳಿಸಿದೆ. ಇರಾನಿನ ಫಾರ್ವರ್ಡ್ ಹಾಗೇ ಇದೆ, ಮೂರು ಕೈಮುಗಿತ ಬೇರೆ ಬಿದ್ದಿವೆ.

ರಾತ್ರಿ ಕಾಕಿ ನನಗೊಬ್ಬನಿಗೇ ಬರೆದರು: 'ಆ ಕಗ್ಗದ ಅಕ್ಕಿ ಗಂಜಿಗೆ ಚಲೋ ಆಗುತ್ತದಾ? ನಾ ಕೇಳಿದೆ ಅಂತ ಶೈಲಾಗೆ ಹೇಳಬೇಡ.'