ಕಲ್ಪಿತ ದೇಶದ ಸೇನೆಗೆ ಎಂಥ ಗಾಡಿಗಳು ಬೇಕು? ಪುಣೆಯ ನಮ್ಮವರು ಹೇಳಿದ್ದು

ನಿಗಡಿಯಿಂದ, ಪ್ರಶ್ನೆ ಕೇಳಿದವರು:

ನಮಸ್ಕಾರ. ನಾನೂ ನನ್ನ ಮಗಳೂ ಸೇರಿ ಕನ್ನಡದಲ್ಲಿ ಒಂದು ಕಾಮಿಕ್ಸ್ ಮಾಡುತ್ತಿದ್ದೇವೆ. ಕಥೆ ನನ್ನದು, ಚಿತ್ರ ಅವಳದು. ದೇಶ ನಾವೇ ಕಟ್ಟಿಕೊಂಡದ್ದು, ಹೆಸರು ನೇಸರನಾಡು. ಪಶ್ಚಿಮಕ್ಕೆ ಕಡಲು, ಘಟ್ಟ, ಜೋರು ಮಳೆ. ಪೂರ್ವಕ್ಕೆ ಎರೆಮಣ್ಣಿನ ಬಯಲು. ನಡುವೆ ಮೂರು ಹೊಳೆ. ಸರ್ಕಾರದ ಹತ್ತಿರ ದುಡ್ಡು ಅಷ್ಟಕ್ಕಷ್ಟೇ. ಕಾಲ 1990ರ ಸುಮಾರು. ಸೇನೆಗೆ 70 ಟನ್ನಿನ ಟ್ಯಾಂಕ್, ಎಂಟು ಗಾಲಿಯ ಗಾಡಿ, ರಾಕೆಟ್ ಲಾರಿ ಅಂತ ಹನ್ನೊಂದು ಬಗೆ ಯೋಚಿಸಿದ್ದೇವೆ. ಓದುವವರು ನಂಬುವ ಹಾಗಿರಬೇಕು. ಬಲ್ಲವರು ದಯವಿಟ್ಟು ಹೇಳಿ.

ಖಡಕಿಯಿಂದ, ಸೇನೆಯ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು:

ಸರ್, ನಮ್ಮೂರು ಗೋಕಾಕದ ಹತ್ತಿರ. ಎರೆಮಣ್ಣು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡಿ. ತೋಪು ಆಮೇಲೆ ನೋಡೋಣ.

ಟ್ಯಾಂಕ್ ಎಷ್ಟು ಟನ್ ಅನ್ನುವುದಕ್ಕಿಂತ ಆ ಭಾರ ಎಷ್ಟು ಜಾಗದ ಮೇಲೆ ಹರಡುತ್ತದೆ ಅನ್ನುವುದು ಮುಖ್ಯ. ಟಿ-72 ಅನ್ನುವ ಟ್ಯಾಂಕ್ ಸುಮಾರು 41 ಟನ್. ಟ್ರ್ಯಾಕ್, ಅಂದರೆ ಗಾಲಿಗಳ ಸುತ್ತ ತಿರುಗುವ ಉಕ್ಕಿನ ಪಟ್ಟಿ, ಅಗಲ ಮತ್ತು ಉದ್ದ ಇರುವುದರಿಂದ ಒಂದು ಚದರ ಸೆಂಟಿಮೀಟರ್ ನೆಲದ ಮೇಲೆ ಬೀಳುವುದು ಒಂದು ಕಿಲೋಗಿಂತ ಕಡಿಮೆ. ತುಂಬಿದ ಲಾರಿಯ ಟೈರು ಅದರ ಹಲವು ಪಟ್ಟು ಒತ್ತುತ್ತದೆ. ಅದಕ್ಕೇ ಲಾರಿ ಹೂತುಕೊಂಡ ಕಡೆಯಲ್ಲೂ ಟ್ಯಾಂಕ್ ದಾಟಿಕೊಂಡು ಹೋಗುತ್ತದೆ.

ಹಾಗಂತ ನೀರು ಕುಡಿದ ಎರೆಮಣ್ಣಿನಲ್ಲಿ ಯಾವ ಟ್ಯಾಂಕೂ ಆರಾಮಾಗಿ ಓಡುವುದಿಲ್ಲ. ಟ್ರ್ಯಾಕಿನ ಕೊಂಡಿಗಳ ಸಂದಿನಲ್ಲಿ, ಹಲ್ಲುಚಕ್ರದ ಸುತ್ತ ಮಣ್ಣು ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಸಲಾಕೆ ಹಿಡಿದು ಕೆರೆದು ತೆಗೆಯಬೇಕು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರದಲ್ಲಿ ನಮ್ಮವರು ಹೊಲಗಳಿಗೆ ನೀರು ಬಿಟ್ಟರು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಆ ಕೆಸರಲ್ಲಿ ಸಿಕ್ಕಿಕೊಂಡವು. ಒಳ್ಳೆಯ ಟ್ಯಾಂಕುಗಳೇ ಅವು. ಹಾಗಾಗಿ ನಿಮ್ಮ ಯುದ್ಧ ಜುಲೈನಲ್ಲೋ ಜನವರಿಯಲ್ಲೋ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ.

ಇನ್ನು ಹನ್ನೊಂದು ಬಗೆ. ದುಡ್ಡಿಲ್ಲದ ದೇಶಕ್ಕೆ ಇದು ಖಂಡಿತ ಆಗದ ಮಾತು. ಹನ್ನೊಂದು ಬಗೆ ಅಂದರೆ ಬಿಡಿಭಾಗದ ಹನ್ನೊಂದು ಉಗ್ರಾಣ, ಕೆಲಸ ಕಲಿತ ಹನ್ನೊಂದು ಗುಂಪು ಮೆಕ್ಯಾನಿಕ್‌ಗಳು. ಒಂದೇ ಚಾಸಿ, ಅಂದರೆ ಎಂಜಿನ್, ಗಾಲಿ ಇರುವ ಕೆಳಗಿನ ಭಾಗ, ಇಟ್ಟುಕೊಂಡು ಅದರ ಮೇಲೆ ಬೇರೆ ಬೇರೆ ಕೆಲಸದ ಗಾಡಿ ಕಟ್ಟಿಸಿ. ನಮ್ಮಲ್ಲೂ ಹಾಗೇ ಮಾಡಿದ್ದಾರೆ. ಆವಡಿಯಲ್ಲಿ ತಯಾರಾದ ವಿಜಯಂತ ಟ್ಯಾಂಕಿನ ಚಾಸಿ ಮೇಲೆಯೇ ಕಾರ್ತಿಕ್ ಅನ್ನುವ ಸೇತುವೆ ಹಾಸುವ ಗಾಡಿ ಬಂತು. 130 ಮಿಲಿಮೀಟರ್ ತೋಪು ಕೂರಿಸಿದ ಕ್ಯಾಟಪಲ್ಟ್ ಕೂಡ ಅದರ ಮೇಲೆಯೇ. ನೇಸರನಾಡಿಗೆ ಒಂದು ಟ್ಯಾಂಕು, ಅದೇ ಚಾಸಿಯ ಸೇತುವೆ ಗಾಡಿ, ಕೆಟ್ಟ ಟ್ಯಾಂಕನ್ನು ಎಳೆದು ತರುವ ರಿಕವರಿ ಗಾಡಿ, ಪದಾತಿಗೆ ಒಂದು ಗಾಡಿ, ಒಂದೇ ಬಗೆಯ ಲಾರಿ. ಇಷ್ಟಿದ್ದರೆ ನನ್ನಂಥವನು ನಂಬುತ್ತಾನೆ.

ಮಗಳಿಗೆ ಒಂದು ಚಿತ್ರ ಹೇಳುತ್ತೇನೆ. ದಾರಿ ಬದಿಯಲ್ಲಿ ಟ್ಯಾಂಕ್ ನಿಂತಿದೆ. ಒಂದು ಕಡೆಯ ಟ್ರ್ಯಾಕ್ ಬಿಚ್ಚಿ ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡಿದೆ. ಒಬ್ಬ ಪಿನ್ನಿಗೆ ಸುತ್ತಿಗೆ ಹಾಕುತ್ತಿದ್ದಾನೆ, ಇನ್ನೊಬ್ಬ ಸಲಾಕೆಯಿಂದ ಕೊಂಡಿ ಎತ್ತಿ ಹಿಡಿದಿದ್ದಾನೆ, ಕೈಯೆಲ್ಲ ಗ್ರೀಸು. ಟಿ-72ರಲ್ಲಿ ಗುಂಡು ತುಂಬಲು ಯಂತ್ರ ಇರುವುದರಿಂದ ಒಟ್ಟು ಮೂರೇ ಜನ. ವಿಜಯಂತದಲ್ಲಿ ನಾಲ್ಕು. ಟ್ರ್ಯಾಕ್ ಬಿಚ್ಚುವಾಗ ಆ ನಾಲ್ಕನೆಯವನ ಬೆಲೆ ಗೊತ್ತಾಗುತ್ತದೆ. ಟ್ಯಾಂಕಿನವರ ದಿನದಲ್ಲಿ ಗುಂಡು ಹಾರಿಸುವುದು ಕಡಿಮೆ, ಈ ಕೆಲಸವೇ ಜಾಸ್ತಿ.

ಕೋಥರೂಡಿನಿಂದ, ಸೇತುವೆ ವಿನ್ಯಾಸ ಮಾಡುವ ಎಂಜಿನಿಯರ್:

ಕಾಕಾ ಹೇಳಿದ್ದಕ್ಕೆ ನನ್ನದೂ ಒಂದು ಮಾತು ಸೇರಿಸಿ. ನಮ್ಮ ಹೆದ್ದಾರಿ ಸೇತುವೆಗಳ ಲೆಕ್ಕ ಮಾಡುವಾಗ ಕಾಗದದ ಮೇಲೆ ಒಂದು ಟ್ಯಾಂಕನ್ನು ಹತ್ತಿಸುತ್ತೇವೆ, ಗೊತ್ತಾ? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಲ್ಲಿ ಕ್ಲಾಸ್ 70ಆರ್ ಅಂತ ಇದೆ. ಅದರಲ್ಲಿ ಟ್ರ್ಯಾಕ್ ಮೇಲೆ ಓಡುವ 70 ಟನ್ನಿನ ಗಾಡಿ ಒಂದು. ಹಾಗಾಗಿ ನಿಮ್ಮ 70 ಟನ್ನಿನ ಟ್ಯಾಂಕ್ ಹೊಸ ಹೆದ್ದಾರಿಯ ಸೇತುವೆ ದಾಟೀತು. ಹಳ್ಳಿ ದಾರಿಯ ಹಳೇ ಸೇತುವೆ, ಮರದ ಸೇತುವೆ ತಡೆಯುವುದಿಲ್ಲ. ಮೂರು ಹೊಳೆ ಇರುವ ದೇಶದಲ್ಲಿ ಇಡೀ ಯುದ್ಧ ನಾಲ್ಕಾರು ಸೇತುವೆಗಳ ಸುತ್ತಲೇ ನಡೆಯುತ್ತದೆ. ನಿಮ್ಮ ಕಥೆಗೆ ಇದು ಒಳ್ಳೆಯದೇ ಅಲ್ವಾ? 40 ಟನ್ ಆಸುಪಾಸಿಗೆ ಇಳಿಸಿದರೆ ದಾರಿಗಳು ಜಾಸ್ತಿ ಸಿಗುತ್ತವೆ. ಸೇನೆ ಓಡಾಡುವ ಸೇತುವೆಗಳ ಪಕ್ಕದಲ್ಲಿ ಹಳದಿ ವೃತ್ತದೊಳಗೆ ಕಪ್ಪು ಅಂಕಿ ಬರೆದಿರುತ್ತಾರೆ, ಎಷ್ಟು ಭಾರದ ಗಾಡಿ ಹೋಗಬಹುದು ಅಂತ. ಅದನ್ನೂ ಚಿತ್ರದಲ್ಲಿ ಹಾಕಿ.

ಕೊಂಡ್ವಾದಿಂದ, ಕೊಡಗಿನವರು:

ಘಟ್ಟದಲ್ಲಿ ಟ್ಯಾಂಕ್ ಬೇಡ ಅಂತ ಬಿಟ್ಟುಬಿಡಬೇಡಿ. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿ ಲಾ ಕಣಿವೆಯಲ್ಲಿ ಟ್ಯಾಂಕ್ ಹತ್ತಿಸಿದವರು ನಮ್ಮ ಜನರಲ್ ತಿಮ್ಮಯ್ಯನವರು. ಎತ್ತರ ಹನ್ನೊಂದು ಸಾವಿರ ಅಡಿಗೂ ಮೇಲೆ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು, ಒಂದೊಂದೂ ಹದಿನೈದು ಟನ್ನಿನ ಹತ್ತಿರ. ಹಗುರ ಇದ್ದದ್ದಕ್ಕೇ ಆಯಿತು. ಹಾಗಿದ್ದೂ ದಾರಿಯಲ್ಲಿ ತರುವಾಗ ತೋಪು ಕೂರಿಸಿದ ಮೇಲಿನ ಗೋಪುರ ಬಿಚ್ಚಿ ತಂದಿದ್ದರು. ನೇಸರನಾಡಿನ ಘಟ್ಟಕ್ಕೂ ಅಂಥ ಒಂದು ಹಗುರ ಟ್ಯಾಂಕ್ ಇರಲಿ. ಎದುರಿನವರು ಕನಸಲ್ಲೂ ಎಣಿಸದ ಜಾಗದಲ್ಲಿ ಅದು ಕಾಣಿಸಿಕೊಳ್ಳಲಿ.

ಹಿಂಜವಾಡಿಯಿಂದ, ಯುದ್ಧದ ಬೋರ್ಡ್ ಗೇಮ್ ಆಡುವವರು:

ನಿಮ್ಮ ಹನ್ನೊಂದರಲ್ಲಿ ಡೀಸೆಲ್ ಟ್ಯಾಂಕರ್ ಹೆಸರೇ ಇಲ್ಲ, ಸರ್. ಲೆಕ್ಕ ನೋಡಿ. ಟಿ-72ಗೆ ಸುಮಾರು 1,200 ಲೀಟರ್ ಹಿಡಿಯುತ್ತದೆ. ನಮ್ಮಲ್ಲಿ ಒಂದು ಸ್ಕ್ವಾಡ್ರನ್ ಅಂದರೆ 14 ಟ್ಯಾಂಕ್, ರೆಜಿಮೆಂಟ್ ಅಂದರೆ 45. ಸ್ಕ್ವಾಡ್ರನ್ ಒಂದನ್ನೇ ಪೂರ್ತಿ ತುಂಬಿಸಲು 16,800 ಲೀಟರ್ ಬೇಕು. ಅಷ್ಟಕ್ಕೆ ರಸ್ತೆಯ ಮೇಲೆ ನಾನೂರೈವತ್ತು ಕಿಲೋಮೀಟರಿನಷ್ಟು ಓಡುತ್ತವೆ, ಹೊಲದಲ್ಲಿ ಇನ್ನೂ ಕಡಿಮೆ. ಆಡುವಾಗ ಟ್ಯಾಂಕರ್‌ಗಳನ್ನು ಹಿಂದೆ ಬಿಟ್ಟು ಮುನ್ನುಗ್ಗಿದವರು ಬಯಲಿನ ನಡುವೆ ನಿಂತುಬಿಡುವುದನ್ನು ತುಂಬಾ ನೋಡಿದ್ದೇನೆ. ರಾಕೆಟ್ ಲಾರಿ ಸದ್ಯಕ್ಕೆ ಬಿಡಿ. ಆ ದುಡ್ಡಲ್ಲಿ ಟ್ಯಾಂಕರ್ ಕೊಳ್ಳಲಿ.

ರಜೆ ದಿನ ಮಗಳನ್ನು ಅಹಿಲ್ಯಾನಗರಕ್ಕೆ ಕರೆದುಕೊಂಡು ಹೋಗಿ, ಹಳೇ ಅಹ್ಮದ್‌ನಗರ. ಪುಣೆಯಿಂದ ಸುಮಾರು 120 ಕಿಲೋಮೀಟರ್. ಅಲ್ಲಿ 1994ರಲ್ಲಿ ಶುರುವಾದ ಟ್ಯಾಂಕ್ ಮ್ಯೂಸಿಯಂ ಇದೆ. ರೋಲ್ಸ್ ರಾಯ್ಸ್ ಶಸ್ತ್ರಸಜ್ಜಿತ ಕಾರಿನಿಂದ ವಿಜಯಂತದವರೆಗೆ ಎಲ್ಲಾ ಒಂದೇ ಕಡೆ ನೋಡಬಹುದು. ಪಕ್ಕದಲ್ಲಿ ನಿಂತಾಗಲೇ ಟ್ಯಾಂಕಿನ ಎತ್ತರ, ಗಾಲಿಯ ಅಳತೆ ಮನಸ್ಸಿಗೆ ಹಿಡಿಯುವುದು.

ನಿಗಡಿಯಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಟ್ಯಾಂಕನ್ನು 40 ಟನ್ನಿಗೆ ಇಳಿಸಿದ್ದೇವೆ. ಮಗಳದು ಒಂದು ಪ್ರಶ್ನೆ: ಪದಾತಿ ಗಾಡಿ ಹೊಳೆಯಲ್ಲಿ ತೇಲಿಕೊಂಡು ಹೋಗುತ್ತದಾ? ಕಡಲಲ್ಲಿ?

ಖಡಕಿಯಿಂದ, ನಿವೃತ್ತರು:

ಹೊಳೆಯಲ್ಲಿ ಹೋಗುತ್ತದಮ್ಮಾ. ಮೆದಕ್‌ನಲ್ಲಿ ತಯಾರಾಗುವ ಬಿಎಂಪಿ-2 ಅನ್ನುವ ಪದಾತಿ ಗಾಡಿ ಹದಿನಾಲ್ಕು ಟನ್ನಿನ ಸುಮಾರು, ಓಡಿಸುವವರು ಮೂವರು, ಹಿಂದೆ ಏಳು ಜನ. ನೀರಲ್ಲೂ ಟ್ರ್ಯಾಕ್ ತಿರುಗಿಸಿಯೇ ಮುಂದೆ ಹೋಗುತ್ತದೆ, ಗಂಟೆಗೆ ಏಳು ಕಿಲೋಮೀಟರ್ ವೇಗ. ಅಲೆ ಏಳುವ ಕಡಲಿಗೆ ಇಳಿಸಬೇಡ. ಹೊಳೆಯಲ್ಲೂ ಸೆಳೆತ ಜೋರಿದ್ದರೆ ಆಚೆ ದಡದಲ್ಲಿ ಎಲ್ಲೋ ಕೆಳಗೆ ಹತ್ತುತ್ತದೆ. ಅಲ್ಲಿ ದಡ ಕಡಿದಾಗಿದ್ದರೆ ಹತ್ತಲು ಆಗುವುದೇ ಇಲ್ಲ. ಇಳಿಯುವ ಮೊದಲು ತಳದ ಬಿರಡೆಗಳೆಲ್ಲ ಬಿಗಿಯಾಗಿವೆಯಾ ಅಂತ ಮುಟ್ಟಿ ನೋಡಬೇಕು. ಒಳಗೆ ಬಂದ ನೀರು ಹೊರಹಾಕುವ ಪಂಪು ಓಡುತ್ತಿರಬೇಕು. ಮೂತಿಯ ಮೇಲೆ ಮಡಚಿಟ್ಟ ಒಂದು ಹಲಗೆ ಇರುತ್ತದೆ, ನೀರಿಗಿಳಿಯುವಾಗ ಅದನ್ನು ಎತ್ತಿ ನಿಲ್ಲಿಸುತ್ತಾರೆ. ಚಿತ್ರದಲ್ಲಿ ಅದು ಎದ್ದಿರುವ ಹಾಗೇ ಬರಿ. ಬಲ್ಲವರು ಮೊದಲು ಅದನ್ನೇ ನೋಡುತ್ತಾರೆ.