ಸಹಾಯ ಬೇಕು: ಅಮ್ಮನ ಬೆನ್ನುಮೂಳೆಯ ಸಿಸ್ಟ್‌ಗೆ ಇಂಜೆಕ್ಷನ್ನೋ, ಶಸ್ತ್ರಚಿಕಿತ್ಸೆಯೋ?

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. 68 ವರ್ಷದ ನಮ್ಮ ಅಮ್ಮನಿಗೆ ಸೊಂಟದಿಂದ ಎಡಪಾದದವರೆಗೆ ವಿಪರೀತ ಸೆಳೆತ. ನಿಂತರೆ, ನಡೆದರೆ ಹೆಚ್ಚು. ಕುಳಿತು ಮುಂದಕ್ಕೆ ಬಾಗಿದರೆ ಕಡಿಮೆ. ಮೊದಲು ಸಯಾಟಿಕಾ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು) ಎಂದು ಮಾತ್ರೆಯಲ್ಲೇ ಕಾಲ ಕಳೆಯಿತು. ಎಂಆರ್‌ಐ ಮಾಡಿಸಿದ ಮೇಲೆ ಎಲ್‌4–ಎಲ್‌5 (ಸೊಂಟದ ನಾಲ್ಕನೇ ಮತ್ತು ಐದನೇ ಬೆನ್ನುಮೂಳೆ) ಕೀಲಿನ ಬಳಿ ಸೈನೋವಿಯಲ್ ಸಿಸ್ಟ್ ಇದ್ದು, ನರವನ್ನು ಒತ್ತುತ್ತಿರುವುದು ತಿಳಿಯಿತು. ಕ್ಯಾನ್ಸರ್ ಅಲ್ಲ, ಸವೆದ ಕೀಲಿನಿಂದ ಹೊರಚಾಚಿದ ದ್ರವದ ಚೀಲ ಎಂದು ವೈದ್ಯರು ಹೇಳಿದಾಗ ಮನೆಯವರಿಗೆಲ್ಲ ಹೋದ ಜೀವ ಬಂದಂತಾಯಿತು.

ಈಗ ಒಬ್ಬರು ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ನೋಡೋಣ ಎನ್ನುತ್ತಾರೆ. ನೋವು ಮರುಕಳಿಸಬಹುದು ಎಂದೂ ಅವರೇ ಹೇಳುತ್ತಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ, ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತದೆ. ಮತ್ತೊಬ್ಬರು ಸಿಸ್ಟ್ ತೆಗೆದು, ಸ್ಕ್ರೂ ಹಾಕಿ ಮೂಳೆಗಳನ್ನು ಬೆಸೆಯಬೇಕು ಎನ್ನುತ್ತಾರೆ. ಆದರೆ ಮೂಳೆ ಜರುಗುತ್ತಿದೆಯೇ ಎಂದು ನೋಡಲು ಮುಂದೆ, ಹಿಂದೆ ಬಾಗಿಸಿ ತೆಗೆಯುವ ಎಕ್ಸ್‌ರೇ ಇನ್ನೂ ಆಗಿಲ್ಲ. ಅದಿಲ್ಲದೆ ಸ್ಕ್ರೂಗೆ ಒಪ್ಪಲು ನನಗೆ ಮನಸ್ಸಿಲ್ಲ.

ಪಾದ ಎತ್ತಲು ಕಷ್ಟವಿಲ್ಲ, ಮೂತ್ರದ ಹಿಡಿತವೂ ಸರಿಯಿದೆ. ಅದು ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕೆಂದು ಗೊತ್ತಿದೆ.

ಇದೇ ತೊಂದರೆಗೆ ಮೈಸೂರಿನಲ್ಲಿ ಚಿಕಿತ್ಸೆ ಪಡೆದವರಿದ್ದೀರಾ? ಬೆಸೆಯದೆ ಸಿಸ್ಟ್ ಮಾತ್ರ ತೆಗೆಸಿಕೊಂಡವರು ಈಗ ಹೇಗಿದ್ದಾರೆ? ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದು ಒಳ್ಳೆಯದೇ? ದಯವಿಟ್ಟು ಎಣ್ಣೆ ತಿಕ್ಕುವವರ, ಮೂಳೆ ಎಳೆಯುವವರ ವಿಳಾಸ ಕೊಡಬೇಡಿ.